ಕೋಟೆಗಿಂತ ಮೊದಲು ಬೆಟ್ಟ: ಉತ್ತರ ವೇಲ್ಸಿನ ಒಂದು ಪ್ರವಾಸ

ಉತ್ತರ ವೇಲ್ಸಿನ ಕೋಟೆಗಳನ್ನು ನೋಡಲು ಹೊರಟವರು ಸಾಮಾನ್ಯವಾಗಿ ಕಾನ್ವಿಯಿಂದ ಆರಂಭಿಸುತ್ತಾರೆ. ಇಂಗ್ಲೆಂಡಿನ ಚೆಸ್ಟರ್ ಕಡೆಯಿಂದ ಕರಾವಳಿಯ ಹೆದ್ದಾರಿಯಲ್ಲಾಗಲಿ ರೈಲಿನಲ್ಲಾಗಲಿ ಬರುವವರಿಗೆ ಅದು ದಾರಿಯಲ್ಲೇ ಸಿಗುತ್ತದೆ. ನದಿಯ ಅಳಿವೆಯಂಚಿನಲ್ಲಿ ಎದ್ದು ನಿಂತ ಅದರ ಎಂಟು ಬುರುಜುಗಳನ್ನು ಒಮ್ಮೆ ಕಂಡವರು ಮುಂದೆ ನೋಡುವುದನ್ನೆಲ್ಲ ಅದರ ಅಳತೆಯಲ್ಲೇ ನೋಡತೊಡಗುತ್ತಾರೆ. ನಾನು ಸೇರಿಕೊಂಡಿದ್ದ ಪ್ರವಾಸದ ಮಾರ್ಗದರ್ಶಿ ಈ ಕ್ರಮವನ್ನು ಬೇಕೆಂದೇ ಬದಲಿಸಿದ್ದರು. 13ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ದೊರೆ ವೆಲ್ಶ್ ಜನರ ಮೇಲೆ ದಂಡೆತ್ತಿ ಬಂದು ಕಟ್ಟಿಸಿದ ಕರಾವಳಿಯ ದೊಡ್ಡ ಕೋಟೆಗಳನ್ನು ಬದಿಗಿಟ್ಟು, ನಮ್ಮನ್ನು ಮೊದಲು ಎರರಿ ಪರ್ವತಗಳ ನಡುವಿನ ಲಾನ್‌ಬೆರಿಸ್ ಕಣಿವೆಗೆ, ಅಲ್ಲಿನ ದೋಲ್‌ಬಾದಾರ್ನ್ ಎಂಬ ಒಂಟಿ ಬುರುಜಿನ ಬಳಿಗೆ ಕರೆದೊಯ್ದರು. ಈ ಒಂದು ನಿರ್ಧಾರವೇ ಇಡೀ ಪ್ರವಾಸಕ್ಕೆ ಅರ್ಥ ಕೊಟ್ಟಿತೆಂದು ನಾನು ದೃಢವಾಗಿ ನಂಬಿದ್ದೇನೆ. ಆ ಕೋಟೆಗಳು ಯಾರನ್ನು ಅಡಗಿಸಲು ಎದ್ದವೋ ಅವರ ನೆಲವನ್ನು ಮೊದಲು ನೋಡದೆ ಹೋದರೆ, ಕಾನ್ವಿಯಾಗಲಿ ಕೈರ್ನಾರ್ವನ್ ಆಗಲಿ ಬರಿಯ ಕಲ್ಲಿನ ಅದ್ಭುತವಾಗಿ ಉಳಿದುಬಿಡುತ್ತದೆ.

ಇಂಗ್ಲಿಷಿನಲ್ಲಿ ಸ್ನೋಡೋನಿಯ ಎನ್ನಿಸಿಕೊಂಡಿರುವ ಪರ್ವತ ಪ್ರದೇಶಕ್ಕೆ ವೆಲ್ಶ್ ಜನರು ಹೇಳುವ ಹೆಸರು ಎರರಿ. 1,085 ಮೀಟರ್ ಎತ್ತರದ ಸ್ನೋಡನ್ ಶಿಖರದ ಬುಡದಲ್ಲಿ, ಎರಡು ಸರೋವರಗಳ ನಡುವಿನ ಒಂದು ದಿಣ್ಣೆಯ ಮೇಲೆ ದೋಲ್‌ಬಾದಾರ್ನ್ ನಿಂತಿದೆ. ಗ್ವಿನೆದ್ ಸೀಮೆಯ ಅರಸನಾಗಿದ್ದ ಲೆವೆಲಿನ್ ಅಬ್ ಯೋರ್ವರ್ಥ್, ಅಂದರೆ ಇತಿಹಾಸದಲ್ಲಿ ಮಹಾ ಲೆವೆಲಿನ್ ಎಂದು ಹೆಸರಾದವನು, 13ನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ ಕೋಟೆ ಇದು. ಸುತ್ತಲಿನ ಗೋಡೆಗಳು ಮೊಣಕಾಲೆತ್ತರಕ್ಕೆ ಕುಸಿದಿದ್ದರೂ ದುಂಡನೆಯ ಬುರುಜು ಇನ್ನೂ 15 ಮೀಟರಿನಷ್ಟು ಎತ್ತರಕ್ಕೆ ಉಳಿದಿದೆ. ಅದರ ಬಾಗಿಲು ನೆಲಮಟ್ಟದಲ್ಲಿಲ್ಲ, ಮೊದಲ ಅಂತಸ್ತಿನಲ್ಲಿದೆ. ಒಳಗಿನ ಸುರುಳಿ ಮೆಟ್ಟಿಲಿನಲ್ಲಿ ಒಬ್ಬರ ಹಿಂದೊಬ್ಬರು ಹತ್ತಿ ನಿಂತಾಗ, ಕಣಿವೆಯ ದಾರಿ ಪರ್ವತದೊಳಗೆ ಹೇಗೆ ನುಸುಳುತ್ತದೆ, ಆ ದಾರಿಯಲ್ಲಿ ಬರುವ ಯಾರೇ ಆದರೂ ಈ ಬುರುಜಿನ ಕಣ್ಣು ತಪ್ಪಿಸಿ ಹೋಗುವುದು ಏಕೆ ಅಸಾಧ್ಯ ಎಂಬುದು ಯಾರ ವಿವರಣೆಯೂ ಬೇಡದೆ ತಿಳಿಯಿತು. ಬೆಟ್ಟವೇ ಇಲ್ಲಿ ಕೋಟೆ; ಬುರುಜು ಅದರ ಬಾಗಿಲ ಕಾವಲು ಮಾತ್ರ.

ಈ ಬೆಟ್ಟಕ್ಕೆ ಒಂದು ದೌರ್ಬಲ್ಯವಿತ್ತು. ಪರ್ವತಗಳಲ್ಲಿ ಕುರಿ ದನ ಮೇಯಿಸಬಹುದಾಗಿತ್ತು, ಸಾಲುವಷ್ಟು ಧಾನ್ಯ ಬೆಳೆಯಲಾಗುತ್ತಿರಲಿಲ್ಲ. ಗ್ವಿನೆದ್ ಜನರ ಕಣಜವೆಂದರೆ ಮೆನಾಯ್ ಜಲಸಂಧಿಯ ಆಚೆಗಿನ ಆಂಗಲ್ಸಿ ದ್ವೀಪ. 1277ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ಮೊದಲ ಬಾರಿಗೆ ದಂಡೆತ್ತಿ ಬಂದಾಗ, ತನ್ನ ಸೇನೆಯನ್ನು ಕಣಿವೆಗಳೊಳಗೆ ನುಗ್ಗಿಸುವ ಗೋಜಿಗೆ ಹೋಗದೆ, ಹಡಗುಗಳಲ್ಲಿ ಸೈನಿಕರ ಜೊತೆಗೆ ಕೊಯ್ಲಿನವರನ್ನೂ ಆಂಗಲ್ಸಿಗೆ ಕಳುಹಿಸಿ ಅಲ್ಲಿನ ಪೈರನ್ನು ಕೊಯ್ಯಿಸಿಕೊಂಡ. ಮಹಾ ಲೆವೆಲಿನ್‌ನ ಮೊಮ್ಮಗನೂ ವೇಲ್ಸಿನ ರಾಜಕುಮಾರನೆಂದು ಇಂಗ್ಲೆಂಡಿನಿಂದಲೇ 1267ರಲ್ಲಿ ಮನ್ನಣೆ ಪಡೆದವನೂ ಆಗಿದ್ದ ಲೆವೆಲಿನ್ ಅಪ್ ಗ್ರಿಫಿದ್ ಆ ವರ್ಷ ಶರಣಾಗಬೇಕಾಯಿತು. 1282ರಲ್ಲಿ ಮತ್ತೆ ಯುದ್ಧ ಹತ್ತಿಕೊಂಡಿತು. ಆ ಡಿಸೆಂಬರಿನಲ್ಲಿ ಲೆವೆಲಿನ್ ಮಧ್ಯ ವೇಲ್ಸಿನಲ್ಲಿ ಕೊಲ್ಲಲ್ಪಟ್ಟ. ಅವನ ತಮ್ಮ ದಾವಿದ್ ಕೊನೆಯ ತಿಂಗಳುಗಳಲ್ಲಿ ಇದೇ ದೋಲ್‌ಬಾದಾರ್ನ್‌ನಿಂದ ಹೋರಾಟ ನಡೆಸಿ, 1283ರಲ್ಲಿ ಸೆರೆಸಿಕ್ಕು, ಶ್ರೂಸ್‌ಬರಿಯಲ್ಲಿ ಘೋರವಾದ ಮರಣದಂಡನೆಗೆ ಗುರಿಯಾದ. ಗೆದ್ದವರು ಸ್ವಲ್ಪವೇ ಸಮಯದಲ್ಲಿ ಈ ಬುರುಜಿನ ತೊಲೆಗಳನ್ನು ಕಿತ್ತು, ಕೈರ್ನಾರ್ವನ್‌ನಲ್ಲಿ ತಾವು ಕಟ್ಟುತ್ತಿದ್ದ ಹೊಸ ಕೋಟೆಗೆ ಸಾಗಿಸಿದರು. ಮಾರ್ಗದರ್ಶಿ ಈ ತೊಲೆಗಳ ವಿಷಯ ಹೇಳಿ, ಗೋಡೆಯಲ್ಲಿ ತೊಲೆ ಕೂರಿಸುತ್ತಿದ್ದ ಖಾಲಿ ಗೂಡುಗಳನ್ನು ತೋರಿಸಿದರು. ಮುಂದಿನ ಕೋಟೆಗಳನ್ನು ನಾವು ಈ ಗೂಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ನೋಡಿದೆವು.

ಎಡ್ವರ್ಡ್ ಯುದ್ಧದಿಂದ ಕಲಿತ ಪಾಠವನ್ನೇ ಕಲ್ಲಿನಲ್ಲಿ ಕಟ್ಟಿಸಿದ. ಪರ್ವತಗಳ ಸುತ್ತ, ಹಡಗು ಬಂದು ನಿಲ್ಲಬಲ್ಲ ಜಾಗಗಳಲ್ಲೇ ಅವನ ಕೋಟೆಗಳು ಎದ್ದವು. ಒಳನಾಡಿನ ದಾರಿಗಳೆಲ್ಲ ಶತ್ರುವಿನ ಕೈಗೆ ಹೋದರೂ ಸಮುದ್ರದ ಮೂಲಕ ದವಸ, ಆಯುಧ, ಜನ ಬರುತ್ತಿರಬೇಕು ಎಂಬುದೇ ಇದರ ಮೂಲ ಲೆಕ್ಕಾಚಾರ. ಕಾನ್ವಿಯಲ್ಲಿ ಅವನು ಆರಿಸಿಕೊಂಡ ಸ್ಥಳ ಮಾತ್ರ ಬರಿಯ ಲೆಕ್ಕಾಚಾರದ್ದಲ್ಲ. ಅಲ್ಲಿ ಸಿಸ್ಟರ್ಶಿಯನ್ ಸನ್ಯಾಸಿಗಳ ಮಠವೊಂದಿತ್ತು. ಮಹಾ ಲೆವೆಲಿನ್‌ನ ಸಮಾಧಿ ಆ ಮಠದಲ್ಲಿತ್ತು. ಇಡೀ ಮಠವನ್ನು ನದಿಯ ಮೇಲ್ಭಾಗದ ಮೇನಾನ್‌ಗೆ ಸ್ಥಳಾಂತರಿಸಿ, ಅದು ಇದ್ದ ನೆಲದಲ್ಲೇ 1283ರಿಂದ ಕೋಟೆಯನ್ನೂ ಗೋಡೆಯೊಳಗಿನ ಪಟ್ಟಣವನ್ನೂ ಕಟ್ಟಲಾಯಿತು. ಸೋತವರ ಅರಸನ ಸಮಾಧಿಯನ್ನೇ ಎತ್ತಿ ಕಳುಹಿಸುವುದಕ್ಕೆ ಸೈನಿಕ ಕಾರಣವೊಂದೇ ಇತ್ತೆಂದು ನಾನು ಒಪ್ಪಲಾರೆ. ಕೋಟೆಗೂ ಪಟ್ಟಣದ ಗೋಡೆಗಳಿಗೂ ಸೇರಿ ಸುಮಾರು 15,000 ಪೌಂಡ್ ವೆಚ್ಚವಾಯಿತು. ಆ ಕಾಲಕ್ಕೆ ಅದು ರಾಜ್ಯದ ಬೊಕ್ಕಸ ನಡುಗುವಂಥ ಮೊತ್ತ. ಮುಖ್ಯ ಕೆಲಸ ನಾಲ್ಕೈದು ವರ್ಷಗಳಲ್ಲೇ ಮುಗಿಯಿತು ಎಂಬುದನ್ನು ಗೋಡೆಯ ದಪ್ಪ ನೋಡಿದವರು ಸುಲಭವಾಗಿ ನಂಬಲಾರರು.

ಕಾನ್ವಿಯ ಬುರುಜುಗಳ ಹೊರಮೈಯನ್ನು ಹತ್ತಿರದಿಂದ ನೋಡಬೇಕು. ಚೌಕಾಕಾರದ ಸಣ್ಣ ಸಣ್ಣ ತೂತುಗಳು ದುಂಡು ಗೋಡೆಯನ್ನು ಬಳಸುತ್ತಾ, ಓರೆಯಾಗಿ, ಒಂದು ಸಾಲಿನಲ್ಲಿ ಮೇಲೇರುತ್ತವೆ. ಕಟ್ಟುವಾಗ ಸಾರುವೆಯ ಮರಗಳನ್ನು ಸಿಕ್ಕಿಸಿದ ತೂತುಗಳು ಇವು. ಸಾರುವೆಯನ್ನು ನೆಲಕ್ಕೆ ಸಮಾನಾಂತರವಾಗಿ ಹಂತ ಹಂತವಾಗಿ ಕಟ್ಟುವ ಬದಲು ಸುರುಳಿಯಾಗಿ ಏರಿಸಿದ್ದರಿಂದ, ಕಲ್ಲನ್ನು ಇಳಿಜಾರಿನ ಮೇಲೆ ಎಳೆದುಕೊಂಡೇ ತುದಿಯವರೆಗೆ ಒಯ್ಯಬಹುದಿತ್ತು. ಈ ಪದ್ಧತಿ ಆಲ್ಪ್ಸ್ ಪರ್ವತಗಳ ಕಡೆಯ ಸಾವೋಯ್ ಸೀಮೆಯಲ್ಲಿ ಬಳಕೆಯಲ್ಲಿತ್ತು, ಎಡ್ವರ್ಡ್‌ನ ಕೋಟೆಗಳ ಕೆಲಸಕ್ಕೆ ಮುಖ್ಯಸ್ಥನಾಗಿದ್ದ ಸೇಂಟ್ ಜಾರ್ಜ್‌ನ ಮಾಸ್ಟರ್ ಜೇಮ್ಸ್ ಸಹ ಅಲ್ಲಿಂದಲೇ ಬಂದವನು. ಏಳು ಶತಮಾನಗಳ ಹಿಂದಿನ ಕೆಲಸಗಾರರು ಕಾಲೂರಿ ನಡೆದ ದಾರಿಯನ್ನು ಆ ತೂತುಗಳ ಸಾಲಿನಲ್ಲಿ ಕಣ್ಣಿಂದ ಹಿಂಬಾಲಿಸಬಹುದು. ನನಗೆ ಸಿಂಹಾಸನದ ಕೋಣೆಗಳಿಗಿಂತ ಇವೇ ಹೆಚ್ಚು ಪ್ರಿಯವಾದವು.

ಸುಮಾರು 1.3 ಕಿಲೋಮೀಟರ್ ಉದ್ದದ ಪಟ್ಟಣದ ಗೋಡೆ, ಅದರ 21 ಬುರುಜುಗಳು ಮತ್ತು ಮೂರು ಹೆಬ್ಬಾಗಿಲುಗಳೊಂದಿಗೆ, ಬಹುತೇಕ ಪೂರ್ತಿಯಾಗಿ ಉಳಿದಿದೆ. ಅದರ ಮೇಲೆ ಸಾಕಷ್ಟು ದೂರ ನಡೆಯಬಹುದು. ಒಂದೆಡೆ ಗೋಡೆಯ ನೆತ್ತಿಯಿಂದ ಹೊರಕ್ಕೆ ಚಾಚಿಕೊಂಡ ಹನ್ನೆರಡು ಶೌಚಕೋಣೆಗಳ ಸಾಲು ಕಾಣಿಸುತ್ತದೆ. ಗೋಡೆಯ ಒಳಗೆ ನೆಲೆಗೊಳಿಸಿದ್ದು ಇಂಗ್ಲೆಂಡಿನಿಂದ ಕರೆತಂದ ವರ್ತಕರನ್ನೂ ಕುಶಲಕರ್ಮಿಗಳನ್ನೂ. ವೆಲ್ಶ್ ಜನರು ಗೋಡೆಯ ಹೊರಗಿನವರಾದರು. ಎಡ್ವರ್ಡ್‌ನ ಲೆಕ್ಕಾಚಾರದ ಪರೀಕ್ಷೆಯೂ ಇಲ್ಲಿಯೇ ನಡೆಯಿತು. 1294ರಲ್ಲಿ ಮಾದೋಗ್ ಅಪ್ ಲೆವೆಲಿನ್‌ನ ಮುಂದಾಳ್ತನದಲ್ಲಿ ವೆಲ್ಶ್ ಜನರು ದಂಗೆಯೆದ್ದಾಗ, ಅದನ್ನು ಅಡಗಿಸಲು ಬಂದ ಎಡ್ವರ್ಡ್ ಆ ಚಳಿಗಾಲದಲ್ಲಿ ಸ್ವತಃ ಕಾನ್ವಿಯೊಳಗೆ ಸಿಕ್ಕಿಕೊಂಡ. ಅವನಿಗೆ ಹೊರಗಿನಿಂದ ಏನಾದರೂ ಬರುವುದಿದ್ದರೆ ಹಡಗಿನಲ್ಲಿಯೇ ಬರಬೇಕಿತ್ತು. ಬುರುಜಿನ ಮೇಲೆ ನಿಂತು ಒಂದು ಕಡೆ ಅಳಿವೆಯನ್ನೂ ಇನ್ನೊಂದು ಕಡೆ ಪರ್ವತಗಳನ್ನೂ ನೋಡಿದವರಿಗೆ ಆ ಚಳಿಗಾಲದ ಪರಿಸ್ಥಿತಿಯನ್ನು ಊಹಿಸುವುದು ಕಷ್ಟವಲ್ಲ.

ಕೈರ್ನಾರ್ವನ್ ಕೋಟೆಯ ಧಾಟಿಯೇ ಬೇರೆ. ಉಳಿದ ಕಡೆ ಬುರುಜುಗಳು ದುಂಡಗಿದ್ದರೆ ಇಲ್ಲಿ ಬಹುಕೋನಾಕಾರದಲ್ಲಿವೆ. ಗೋಡೆಯಲ್ಲಿ ತಿಳಿ ಬಣ್ಣದ ಕಲ್ಲಿನ ನಡುವೆ ಗಾಢ ಬಣ್ಣದ ಕಲ್ಲಿನ ಪಟ್ಟಿಗಳು ಅಡ್ಡಲಾಗಿ ಓಡುತ್ತವೆ. ಕಾನ್‌ಸ್ಟಾಂಟಿನೋಪಲ್ ನಗರದ ರೋಮನ್ ಗೋಡೆಗಳ ಅನುಕರಣೆ ಇದು ಎಂದು ಅನೇಕ ಇತಿಹಾಸಕಾರರು ಹೇಳುತ್ತಾರೆ. ಅದಕ್ಕೊಂದು ಹಿನ್ನೆಲೆಯಿದೆ. ಊರಿನ ಪಕ್ಕದಲ್ಲೇ ಸೆಗೊಂಟಿಯಂ ಎಂಬ ರೋಮನ್ ಸೈನಿಕ ನೆಲೆಯ ಅವಶೇಷಗಳಿವೆ. ರೋಮಿನ ಚಕ್ರವರ್ತಿಯೊಬ್ಬ ಕನಸಿನಲ್ಲಿ ಇಂಥ ಒಂದು ಕೋಟೆಯನ್ನು ಕಂಡು ಹುಡುಕಿಕೊಂಡು ಬಂದ ಕಥೆ ವೆಲ್ಶ್ ಜನರಲ್ಲಿ ಬಹಳ ಹಿಂದಿನಿಂದ ಪ್ರಚಲಿತವಾಗಿತ್ತು. ಆ ಕಥೆಯನ್ನೂ ಎಡ್ವರ್ಡ್ ತನ್ನದಾಗಿಸಿಕೊಂಡ. 1284ರ ಏಪ್ರಿಲಿನಲ್ಲಿ ಅವನ ಮಗ, ಮುಂದೆ ಎರಡನೆಯ ಎಡ್ವರ್ಡ್ ಆದವನು, ಹುಟ್ಟಿದ್ದು ಕೂಡ ಇಲ್ಲಿಯೇ. 1301ರಲ್ಲಿ ವೇಲ್ಸಿನ ರಾಜಕುಮಾರ ಎಂಬ ಬಿರುದು ಅವನಿಗೆ ಸಂದಿತು. ನೆಲ, ಬಿರುದು, ಕಥೆ ಮೂರನ್ನೂ ಕಿತ್ತುಕೊಂಡ ಈ ಕ್ರಮದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮೂರನೆಯದು.

ಕೈರ್ನಾರ್ವನ್‌ನ ಒಳಗೆ ಹೋದರೆ ಇನ್ನೊಂದು ಸತ್ಯ ತಿಳಿಯುತ್ತದೆ. ರಾಜದ್ವಾರದ ಒಳಬದಿಯಲ್ಲಿ ಗೋಡೆಯಿಂದ ಕಲ್ಲುಗಳು ಒಂದು ಬಿಟ್ಟು ಒಂದರಂತೆ ಹೊರಚಾಚಿಕೊಂಡಿವೆ. ಮುಂದೆ ಕಟ್ಟಬೇಕಿದ್ದ ಗೋಡೆಯನ್ನು ಬೆಸೆಯಲೆಂದು ಬಿಟ್ಟ ಕಲ್ಲುಗಳು ಅವು. ಆ ಗೋಡೆ ಎಂದೂ ಬರಲಿಲ್ಲ. ಹೊರಗಿನಿಂದ ಪರಿಪೂರ್ಣವಾಗಿ ಕಾಣುವ ಈ ಕೋಟೆಯ ಕೆಲಸ ಸುಮಾರು 1330ರಲ್ಲಿ ನಿಂತುಹೋಯಿತು. 1294ರ ದಂಗೆಯಲ್ಲಿ ವೆಲ್ಶ್ ಜನರು ಪಟ್ಟಣದ ಗೋಡೆಯನ್ನು ಒಡೆದು ಒಳನುಗ್ಗಿ ಊರನ್ನೇ ಸುಟ್ಟರು ಎಂಬುದನ್ನೂ ಇಲ್ಲಿ ನೆನೆಯಬೇಕು. ನಾವು ಕೋಟೆಯಿಂದ ಹೊರಬಂದು ಗೋಡೆಯೊಳಗಿನ ಓಣಿಗಳಲ್ಲಿ ನಡೆದಾಗ ಅಂಗಡಿಗಳಲ್ಲಿ, ಮನೆಬಾಗಿಲುಗಳಲ್ಲಿ, ಶಾಲೆ ಬಿಟ್ಟು ಬರುತ್ತಿದ್ದ ಮಕ್ಕಳ ಬಾಯಲ್ಲಿ ಕೇಳಿಬಂದದ್ದು ವೆಲ್ಶ್ ಭಾಷೆ. ವೆಲ್ಶ್ ಜನರನ್ನು ಹೊರಗಿಡಲೆಂದು ಕಟ್ಟಿದ ಈ ಪಟ್ಟಣ ಇಂದು ಇಡೀ ವೇಲ್ಸಿನಲ್ಲಿ ಆ ಭಾಷೆ ಅತಿ ಹೆಚ್ಚು ಬಳಕೆಯಲ್ಲಿರುವ ಊರುಗಳಲ್ಲಿ ಒಂದು. ಇದನ್ನು ಹೇಳುವಾಗ, ಆ ಭಾಷೆಯವರೇ ಆದ ನಮ್ಮ ಮಾರ್ಗದರ್ಶಿಯ ದನಿಯಲ್ಲಿದ್ದ ಹೆಮ್ಮೆ ನನಗೆ ಬಹಳ ಮೆಚ್ಚುಗೆಯಾಯಿತು.

ಆಂಗಲ್ಸಿ ದ್ವೀಪದ ಬೋಮಾರಿಸ್ ಕೋಟೆ ದಂಗೆಯ ನಂತರ, 1295ರಲ್ಲಿ, ಆರಂಭವಾದದ್ದು. ನೆಲ ಸಮತಟ್ಟಾಗಿದ್ದುದರಿಂದ ಯೋಜನೆಯನ್ನು ಯಾವ ಬಂಡೆಗೂ ಬಗ್ಗಿಸಬೇಕಾಗಿರಲಿಲ್ಲ. ನೀರು ತುಂಬಿದ ಕಂದಕ, ಅದರ ಒಳಗೆ ತಗ್ಗಾದ ಹೊರಗೋಡೆ, ಅದರೊಳಗೆ ಎತ್ತರದ ಒಳಗೋಡೆ, ಎದುರುಬದುರಾಗಿ ಎರಡು ದೊಡ್ಡ ದ್ವಾರಗೋಪುರಗಳು. ಒಂದು ಗೋಡೆಯನ್ನು ಹತ್ತಿದ ಶತ್ರು ಇನ್ನೊಂದು ಗೋಡೆಯ ಬಾಣಗಳಿಗೆ ಸಿಗುವಂತೆ ಎಲ್ಲವೂ ಒಂದರೊಳಗೊಂದು ಕೂತಿವೆ. ಹಡಗು ನೇರವಾಗಿ ಕೋಟೆಯ ಬಾಗಿಲಿಗೇ ಬಂದು ಸರಕು ಇಳಿಸಲು ಧಕ್ಕೆಯೂ ಇದೆ. 1296ರ ಫೆಬ್ರವರಿಯಲ್ಲಿ ಮಾಸ್ಟರ್ ಜೇಮ್ಸ್ ಬೊಕ್ಕಸದ ಅಧಿಕಾರಿಗಳಿಗೆ ಬರೆಸಿದ ಪತ್ರವೊಂದು ಉಳಿದಿದೆ. 400 ಕಲ್ಲುಕುಟಿಗರು, 2,000 ಕೂಲಿಯವರು, 200 ಮಂದಿ ಕಲ್ಲುಗಣಿಯವರು, 30 ಕಮ್ಮಾರರು, 100 ಬಂಡಿಗಳು, ಕಲ್ಲು ಮತ್ತು ಕಲ್ಲಿದ್ದಲು ತರುವ 30 ದೋಣಿಗಳು ಇವೆಲ್ಲ ತನಗೆ ಬೇಕಾಗಿವೆ, ಕೂಲಿ ಬಾಕಿ ಉಳಿದಿರುವುದರಿಂದ ಜನರನ್ನು ಹಿಡಿದಿಟ್ಟುಕೊಳ್ಳುವುದೇ ಕಷ್ಟವಾಗಿದೆ, ದೇವರಾಣೆಗೂ ಬೇಗ ಹಣ ಕಳುಹಿಸಿ, ಇಲ್ಲದಿದ್ದರೆ ಇದುವರೆಗೆ ಮಾಡಿದ್ದೆಲ್ಲ ವ್ಯರ್ಥವಾಗುತ್ತದೆ ಎಂಬುದು ಅದರ ಸಾರ. ಹಣ ಸ್ಕಾಟ್ಲೆಂಡಿನ ಯುದ್ಧಕ್ಕೆ ಹರಿದುಹೋಯಿತು. ಒಳಗೋಡೆಯ ಬುರುಜುಗಳು ಉದ್ದೇಶಿಸಿದ ಎತ್ತರವನ್ನು ಎಂದೂ ಮುಟ್ಟಲಿಲ್ಲ. ಇಡೀ ಕೋಟೆ ಕಂದಕದ ನೀರಿನ ಮೇಲೆ ಅಷ್ಟು ತಗ್ಗಾಗಿ, ಅಷ್ಟು ಶಾಂತವಾಗಿ ಕಾಣುವುದಕ್ಕೆ ಕಾರಣ ಅದೇ. ಈ ಕೋಟೆಗಾಗಿ ಪಕ್ಕದ ಲಾನ್‌ವೈಸ್ ಎಂಬ ವೆಲ್ಶ್ ಊರಿನ ಜನರನ್ನು ಎಬ್ಬಿಸಿ ದ್ವೀಪದ ಇನ್ನೊಂದು ಮೂಲೆಗೆ ಕಳುಹಿಸಲಾಯಿತು. ಬೋಮಾರಿಸ್‌ನ ಸೊಬಗನ್ನು ವರ್ಣಿಸುವ ಫಲಕಗಳ ಮುಂದೆ ನಿಲ್ಲುವವರು ಈ ಊರನ್ನೂ ನೆನೆಯಬೇಕೆಂದು ನನ್ನ ಆಗ್ರಹ.

ಹಾರ್ಲೆಖ್ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಕೋಟೆ. ಸುಮಾರು 60 ಮೀಟರ್ ಎತ್ತರದ ಬಂಡೆಯ ನೆತ್ತಿಯ ಮೇಲೆ ಅದು ಕೂತಿದೆ, ಹಿಂದೆ ಪರ್ವತಗಳ ಸಾಲು, ಮುಂದೆ ಕಡಲು. ಕಾನ್ವಿಗೆ ಹೋಲಿಸಿದರೆ ವೆಚ್ಚ ಕಡಿಮೆ, 8,200 ಪೌಂಡಿಗೂ ಸ್ವಲ್ಪ ಕೆಳಗೆ. ನಿಸರ್ಗವೇ ಅರ್ಧ ಕೋಟೆಯನ್ನು ಕಟ್ಟಿಕೊಟ್ಟಿತ್ತು. ಆರಂಭದ ದಿನಗಳಲ್ಲಿ 36 ಜನರ ಕಾವಲು ಪಡೆಯೇ ಅದಕ್ಕೆ ಸಾಕೆನಿಸಿತ್ತು. ಬಂಡೆಯ ಬದಿಯಲ್ಲಿ ಗೋಡೆಯ ರಕ್ಷಣೆಯೊಳಗೆ 108 ಮೆಟ್ಟಿಲುಗಳ ದಾರಿಯೊಂದು ಕೆಳಗಿನ ಜಲದ್ವಾರದವರೆಗೆ ಇಳಿಯುತ್ತದೆ. 1294ರ ದಂಗೆಯಲ್ಲಿ ಐರ್ಲೆಂಡಿನಿಂದ ಹಡಗಿನಲ್ಲಿ ಬಂದ ದವಸವೇ ಈ ಕೋಟೆಯನ್ನು ಉಳಿಸಿತು. ಆದರೆ ಇಂದು ಆ ಮೆಟ್ಟಿಲುಗಳ ಬುಡದಲ್ಲಿ ನೀರಿಲ್ಲ. ಶತಮಾನಗಳಲ್ಲಿ ಮರಳು ತುಂಬಿ ಕಡಲು ಹಿಂದೆ ಸರಿದಿದೆ. ಕೆಳಗೆ ರೈಲು ಹಳಿ, ಮನೆಗಳು, ಹುಲ್ಲುಗಾವಲು, ಅವುಗಳಾಚೆ ಮರಳದಿಣ್ಣೆಗಳು. ಎಡ್ವರ್ಡ್‌ನ ಲೆಕ್ಕಾಚಾರದ ಆಧಾರವಾಗಿದ್ದ ಸಮುದ್ರವೇ ಎದ್ದು ಹೋಗಿರುವುದನ್ನು ಬುರುಜಿನ ಮೇಲಿಂದ ಸ್ಪಷ್ಟವಾಗಿ ಕಾಣಬಹುದು.

ಸಮುದ್ರ ಇದ್ದಾಗಲೂ ಆ ಲೆಕ್ಕ ಸದಾ ಫಲಿಸಲಿಲ್ಲ. 1404ರಲ್ಲಿ, ಇಂಗ್ಲಿಷರ ಆಳ್ವಿಕೆಯ ವಿರುದ್ಧ ದಂಗೆಯೆದ್ದ ವೆಲ್ಶ್ ನಾಯಕ ಒವೈನ್ ಗ್ಲಿಂಡೂರ್ ಹಾರ್ಲೆಖನ್ನು ಗೆದ್ದು, ತನ್ನ ಕುಟುಂಬವನ್ನೂ ಆಸ್ಥಾನವನ್ನೂ ಇಲ್ಲಿಗೆ ತಂದು, ಐದು ವರ್ಷಗಳ ಕಾಲ ಸ್ವತಂತ್ರ ವೇಲ್ಸಿನ ಕನಸನ್ನು ಇಲ್ಲಿಂದಲೇ ನಡೆಸಿದ. 1409ರಲ್ಲಿ ಇಂಗ್ಲಿಷರು ಕೋಟೆಯನ್ನು ಮರಳಿ ಪಡೆದಾಗ ಅವನ ಹೆಂಡತಿಯೂ ಹೆಣ್ಣುಮಕ್ಕಳೂ ಸೆರೆಯಾಗಿ ಲಂಡನ್ ಟವರ್ ಸೇರಿದರು. ಒವೈನ್ ಮಾತ್ರ ಯಾರ ಕೈಗೂ ಸಿಗಲಿಲ್ಲ. ವೇಲ್ಸನ್ನು ಕಾಯಲು ಕಟ್ಟಿದ ಕೋಟೆ ಕೆಲಕಾಲ ವೇಲ್ಸಿನ ರಾಜಧಾನಿಯೇ ಆಗಿತ್ತು ಎಂಬುದರಿಂದಲೇ ನನಗೆ ಹಾರ್ಲೆಖ್ ಮೇಲೆ ಈ ಪಕ್ಷಪಾತ.

ಪ್ರವಾಸದ ಏರ್ಪಾಡಿನ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಈ ನಾಲ್ಕು ಕೋಟೆಗಳು ಮತ್ತು ಎರಡು ಪಟ್ಟಣಗಳ ಗೋಡೆಗಳು ಸೇರಿ 1986ರಿಂದ ವಿಶ್ವ ಪರಂಪರೆಯ ತಾಣ. ಇವುಗಳನ್ನು ನೋಡಿಕೊಳ್ಳುವುದು ಕಾದೂ ಎಂಬ ವೆಲ್ಶ್ ಸರ್ಕಾರದ ಸಂಸ್ಥೆ. ನಾಲ್ಕನ್ನೂ ಒಂದೇ ದಿನದಲ್ಲಿ ಮುಗಿಸುವ ಪ್ರವಾಸಗಳಿಗೆ ನಾನು ಯಾರನ್ನೂ ಕಳುಹಿಸಲಾರೆ. ಸುರುಳಿ ಮೆಟ್ಟಿಲುಗಳು ಕಿರಿದಾಗಿವೆ, ಸವೆದಿವೆ, ಮಳೆ ಬಂದರೆ ಜಾರುತ್ತವೆ. ಗಡಿಬಿಡಿಯಲ್ಲಿ ಹತ್ತಿ ಇಳಿದವರಿಗೆ ಕಾಲುನೋವು ಮಾತ್ರ ದಕ್ಕುತ್ತದೆ. ಕಾರನ್ನು ಬಾಡಿಗೆಗೆ ಪಡೆದು ತಾವೇ ಹೋಗಬಹುದಾದರೂ, ಸ್ಥಳೀಯ ಭಾಷೆ ಬಲ್ಲ ಮಾರ್ಗದರ್ಶಿ ಜೊತೆಗಿರುವುದರಿಂದ ಆಗುವ ಲಾಭ ದೊಡ್ಡದು. ಫಲಕಗಳು ಕೋಟೆಯನ್ನು ಕೋಟೆಯ ಒಳಗಿನಿಂದಲೇ ವಿವರಿಸುತ್ತವೆ. ಅದು ಎದುರಿನ ಬೆಟ್ಟದಿಂದ ಹೇಗೆ ಕಾಣುತ್ತಿತ್ತು ಎಂಬುದನ್ನು ಹೇಳಲು ಆ ಬೆಟ್ಟದವರೇ ಬೇಕು.

ಕೊನೆಗೆ ನಮ್ಮನ್ನು ಕರೆದೊಯ್ದದ್ದು ಬ್ಯಾಂಗರ್ ಬಳಿಯ ಪೆನ್‌ರಿನ್ ಕೋಟೆಗೆ. ನೋಡಲು ನಾರ್ಮನ್ ಕಾಲದ್ದೆಂಬಂತೆ ಇದ್ದರೂ ಇದು 1820 ಮತ್ತು 1830ರ ದಶಕಗಳಲ್ಲಿ ಥಾಮಸ್ ಹಾಪರ್ ಎಂಬ ವಾಸ್ತುಶಿಲ್ಪಿ ಒಬ್ಬ ಶ್ರೀಮಂತ ಕುಟುಂಬಕ್ಕೆ ಕಟ್ಟಿಕೊಟ್ಟ ಮನೆ. ಆ ಪೆನೆಂಟ್ ಕುಟುಂಬದ ಸಂಪತ್ತು ಬಂದದ್ದು ಜಮೈಕಾದಲ್ಲಿ ಗುಲಾಮರನ್ನು ದುಡಿಸಿದ ಕಬ್ಬಿನ ತೋಟಗಳಿಂದ ಮತ್ತು ಬೆಥೆಸ್ಡಾದ ಸ್ಲೇಟು ಕಲ್ಲಿನ ಗಣಿಯಿಂದ. ಗುಲಾಮಗಿರಿ ರದ್ದಾದಾಗ 764 ಮನುಷ್ಯರ ಲೆಕ್ಕದಲ್ಲಿ ಮಾಲೀಕನಿಗೆ 14,683 ಪೌಂಡ್ ಪರಿಹಾರ ಸಂದಾಯವಾಯಿತು; ಆ ಮನುಷ್ಯರಿಗೆ ಏನೂ ಸಿಗಲಿಲ್ಲ. ಇದೇ ಮನೆಯಲ್ಲಿ ವಿಕ್ಟೋರಿಯಾ ರಾಣಿಗಾಗಿ ಮಾಡಿಸಿದ, ಒಂದು ಟನ್ ತೂಕದ ಸ್ಲೇಟು ಕಲ್ಲಿನ ಮಂಚವಿದೆ. ಅದನ್ನು ನೋಡಿದ ಮೇಲೆ ಬೆಥೆಸ್ಡಾದ ಗಣಿಯನ್ನು ನೋಡಲೇಬೇಕು. ಬೆಟ್ಟದ ಒಂದು ಪಕ್ಕೆಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಆ ಗಣಿಯಲ್ಲಿ 1900ರ ನವೆಂಬರಿನಿಂದ 1903ರ ನವೆಂಬರಿನವರೆಗೆ ಕೆಲಸಗಾರರು ಸಂಘ ಕಟ್ಟುವ ಹಕ್ಕಿಗಾಗಿ ಹೋರಾಡಿದರು. ಸುಮಾರು 2,800 ಜನ ಕೆಲಸ ಬಿಟ್ಟು ಹೊರಬಂದರು. ಕೆಲವರು ಹಸಿವು ತಾಳದೆ ಹಿಂತಿರುಗಿದಾಗ, ಉಳಿದವರು ತಮ್ಮ ಕಿಟಕಿಗಳಲ್ಲಿ ಈ ಮನೆಯಲ್ಲಿ ದ್ರೋಹಿ ಇಲ್ಲ ಎಂದು ವೆಲ್ಶ್ ಭಾಷೆಯಲ್ಲಿ ಬರೆದ ಚೀಟಿಗಳನ್ನು ಅಂಟಿಸಿದರು. ಮುಷ್ಕರ ಸೋತಿತು, ಅನೇಕರು ದಕ್ಷಿಣ ವೇಲ್ಸಿನ ಕಲ್ಲಿದ್ದಲು ಗಣಿಗಳಿಗೆ ಶಾಶ್ವತವಾಗಿ ಹೊರಟುಹೋದರು, ಊರಿನೊಳಗಿನ ಒಡಕು ತಲೆಮಾರುಗಳವರೆಗೆ ಉಳಿಯಿತು.

2021ರಲ್ಲಿ ವಾಯವ್ಯ ವೇಲ್ಸಿನ ಈ ಸ್ಲೇಟು ಗಣಿ ಪ್ರದೇಶಕ್ಕೂ ವಿಶ್ವ ಪರಂಪರೆಯ ಮನ್ನಣೆ ದೊರಕಿತು. ದೋಲ್‌ಬಾದಾರ್ನ್ ಬುರುಜಿನಿಂದ ಸರೋವರದ ಆಚೆ ಕಾಣುವ, 1969ರಲ್ಲಿ ಮುಚ್ಚಿದ ದಿನೋರ್ವಿಗ್ ಗಣಿಯೂ ಅದರಲ್ಲಿ ಸೇರಿದೆ. ಅದು ನನಗೆ ಸಂತೋಷ ತಂದ ಸುದ್ದಿ, ಏಕೆಂದರೆ ದೊರೆಗಳ ಕೋಟೆಗಳಿಗೆ ಸಿಕ್ಕ ಮನ್ನಣೆಯೇ ಕೆಲಸಗಾರರು ಕಡಿದ ಬೆಟ್ಟಕ್ಕೂ ಸಿಕ್ಕಿದೆ. ಉತ್ತರ ವೇಲ್ಸಿಗೆ ಹೋಗುವವರು ಪ್ರವಾಸ ಸಂಸ್ಥೆಯ ಪಟ್ಟಿಯನ್ನು ಕೈಗೆತ್ತಿಕೊಂಡಾಗ, ಎಡ್ವರ್ಡ್‌ನ ನಾಲ್ಕು ಕೋಟೆಗಳು ಇವೆಯೇ ಎಂದು ನೋಡುವ ಅಗತ್ಯವಿಲ್ಲ, ಅವು ಇದ್ದೇ ಇರುತ್ತವೆ. ದೋಲ್‌ಬಾದಾರ್ನ್, ದೋಲ್ವಿದೆಲನ್, ಕ್ರಿಕ್ಯೆಥ್ ಈ ಮೂರು ವೆಲ್ಶ್ ಕೋಟೆಗಳಲ್ಲಿ ಒಂದಾದರೂ, ಸ್ಲೇಟು ಗಣಿಗಳಲ್ಲಿ ಒಂದಾದರೂ ಇದೆಯೇ ಎಂದು ನೋಡಿ; ಇಲ್ಲದಿದ್ದರೆ ಸೇರಿಸಲು ಕೇಳಿ, ಸಾಧ್ಯವಾದರೆ ಅದನ್ನು ಮೊದಲ ದಿನಕ್ಕೇ ಇಡಿಸಿಕೊಳ್ಳಿ.